ಸೊನ್ನೆ ತೊಂಬತ್ತೊಂಬತ್ತು

ಸ್ವಂತ ಮಗಳು ಎಷ್ಟನೇ ಇಯತ್ತೆ ಎಂದು ಯಾರಾದರೂ ಕೇಳಿದರೆ ಬಿಂದುಮಾಧವರಾಯರು ಒಂದು ಗಳಿಗೆ ತಡವರಿಸುತ್ತಿದ್ದರು. ಕಾಲೇಜಿನ ಯಾವ ಕೋರ್ಸಿಗೆ ಯಾವ ಸಂಖ್ಯೆ ಎಂದು ಕೇಳಿದರೆ ಮಾತ್ರ ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹೇಳುತ್ತಿದ್ದರು. "ಅಂಕಿ ಮುಂದ ನಿಮಗ ಹೆಂಡತಿ ಮಕ್ಕಳು ಯಾರೂ ಕಾಣೂದಿಲ್ಲ," ಎಂದು ಹೆಂಡತಿ ಮಂದಾಕಿನಿಬಾಯಿ ಒಗ್ಗರಣೆ ಹಾಕುತ್ತ ಗೊಣಗಿದರೆ ರಾಯರು ಅದನ್ನು ಹೊಗಳಿಕೆ ಎಂದೇ ಎಣಿಸಿ ಮುಗುಳ್ನಗುತ್ತಿದ್ದರು. ಇಂಥ ಮನುಷ್ಯ ಒಂದೇ ಒಂದು ಅಂಕಿಯ ಸಲುವಾಗಿ ತಲೆ ತಗ್ಗಿಸಿಕೊಂಡು ಓಡಾಡುವಂತಾಯಿತು.

ಧಾರವಾಡದ ಮಾಳಮಡ್ಡಿಯ ಮನೆತನ. ಅಜ್ಜ ಹೆಡ್‌ಮಾಸ್ತರರು, ಅಪ್ಪ ಕಚೇರಿಯಲ್ಲಿ ಶಿರಸ್ತೇದಾರರು. ಮನೆಯಲ್ಲಿ ಹೊಲವಿರಲಿಲ್ಲ, ದುಂಡಗಿನ ಅಕ್ಷರವಿತ್ತು, ಅದೇ ಆಸ್ತಿ. ೧೯೯೪ರಲ್ಲಿ ಬೈರಿದೇವರಕೊಪ್ಪದ ಬಾಡಿಗೆ ಕಟ್ಟಡವೊಂದರಲ್ಲಿ ಟ್ರಸ್ಟಿನವರು ಸಮುದಾಯ ಕಾಲೇಜು ತೆರೆದಾಗ ರಾಯರು ಅಲ್ಲಿ ಗುಮಾಸ್ತರಾಗಿ ಸೇರಿದರು. ಡಿಗ್ರಿ ಮುಗಿಯುವ ತನಕ ಕಾಯಲಾರದ ಮಕ್ಕಳಿಗೆ ಹೊಲಿಗೆ, ರೋಗಿಗಳ ಶುಶ್ರೂಷೆ, ಅಂಗಡಿ ಲೆಕ್ಕಪತ್ರ ಕಲಿಸಿ ಎರಡು ವರ್ಷಕ್ಕೆ ಡಿಪ್ಲೊಮಾ ಕೊಡುವ ಕಾಲೇಜು ಅದು. ಕೋರ್ಸುಗಳಿಗೆಲ್ಲ ಸಂಖ್ಯೆ ಹಾಕಿ ಒಂದು ಕೈಪಿಡಿ ಮಾಡಿರಿ ಎಂದು ಹೇಳಿದ್ದೇ ತಡ, ರಾಯರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮೂರು ಅಂಕಿಯ ಸಂಖ್ಯೆ. ಮೊದಲನೆಯದು ವರ್ಷ, ನಡುವಿನದು ವಿಭಾಗ, ಕೊನೆಯದು ಸರದಿ. ಬೆಸ ಸಂಖ್ಯೆಯಾದರೆ ಜೂನಿನಲ್ಲಿ ಶುರುವಾಗುವ ಸೆಮಿಸ್ಟರು, ಸಮವಾದರೆ ಡಿಸೆಂಬರಿನದು. ಹೊಲಿಗೆಗೆ ನಡುವೆ ಸೊನ್ನೆ. ಹೀಗಾಗಿ ೧೦೩ ಎಂದರೆ ಮೊದಲ ವರ್ಷದ, ಜೂನ್ ಸೆಮಿಸ್ಟರಿನ, ಹೊಲಿಗೆಯ ಕೋರ್ಸು. ನೂರಕ್ಕಿಂತ ಕೆಳಗಿನವು ಪೂರ್ವತಯಾರಿಯವು, ಇಂಗ್ಲಿಷ್ ಅಕ್ಷರ ಬಾರದವರಿಗೆ, ಭಾಗಾಕಾರ ಮರೆತವರಿಗೆ. ಅವಕ್ಕೆ ಕ್ರೆಡಿಟ್ ಇಲ್ಲ. ಕ್ರೆಡಿಟ್ಟಿನ ಲೆಕ್ಕವನ್ನೂ ರಾಯರೇ ಬರೆದರು: ವಾರಕ್ಕೊಂದು ತಾಸು ಪಾಠ ಕೇಳಿದರೆ ಒಂದು ಕ್ರೆಡಿಟ್, ಕೈಕೆಲಸವಾದರೆ ಎರಡು ತಾಸಿಗೆ ಒಂದು. ಅರವತ್ತು ಕೂಡಿದರೆ ಡಿಪ್ಲೊಮಾ. "ಎರಡ ತಾಸ ಮಷೀನ ತುಳದ್ರ ಒಂದ, ಒಂದ ತಾಸ ಕುಂತ ಕೇಳಿದ್ರೂ ಒಂದ, ಇದ್ಯಾವ ನ್ಯಾಯರಿ?" ಎಂದು ಹೊಲಿಗೆ ಕಲಿಸುವ ದಾವಲಬಿ ಕೇಳಿದ್ದಳು. "ಪದ್ಧತಿನೇ ಹಂಗದ," ಎಂದು ರಾಯರು ಅವಳ ಬಾಯಿ ಮುಚ್ಚಿಸಿದ್ದರು. ಹೊಸದಾಗಿ ಬಂದ ಮಾಸ್ತರರ ಮುಂದೆ ಮಾತ್ರ, "ನಂಬರ ಹೇಳ್ರಿ, ಕೋರ್ಸಿನ ಜಾತಕ ಹೇಳ್ತೇನಿ," ಎಂದು ಕೊಚ್ಚಿಕೊಳ್ಳುತ್ತಿದ್ದರು.

೨೦೦೧ರಲ್ಲಿ ದಾವಲಬಿಯ ಹಟಕ್ಕೆ ಒಂದು ಹೊಸ ಕೋರ್ಸು ಬಂತು. ಮೈಯಳತೆ ತೆಗೆದು ಬಟ್ಟೆ ಎಷ್ಟು ಬೇಕು, ಕತ್ತರಿ ಎಲ್ಲಿ ಆಡಬೇಕು ಎಂದು ಲೆಕ್ಕ ಹಾಕುವ ಕೋರ್ಸು. ಮೂರು ಕ್ರೆಡಿಟ್. ಮೊದಲ ವರ್ಷದ ಜೂನ್ ಸೆಮಿಸ್ಟರಿಗೆ ಅದು ಬೇಕು. ಆದರೆ ಹೊಲಿಗೆಯ ಬೆಸ ಸಂಖ್ಯೆಗಳು, ೧೦೧ರಿಂದ ೧೦೯ರ ತನಕ, ಎಲ್ಲವೂ ತುಂಬಿದ್ದವು. ೧೦೮ ಖಾಲಿಯಿತ್ತು. ಆದರೆ ಜೂನ್ ಸೆಮಿಸ್ಟರಿಗೆ ಸಮ ಸಂಖ್ಯೆ ಹಾಕಲು ರಾಯರಿಗೆ ಕೈ ಬರಲಿಲ್ಲ. ಎರಡು ದಿನ ಪೆನ್ಸಿಲ್ ಕಚ್ಚಿದರು. ಮೂರನೆಯ ದಿನ ೦೯೯ ಹೊಳೆಯಿತು. ಬೆಸ ಸಂಖ್ಯೆ, ೧೦೧ರ ಹಿಂದೆಯೇ ಕೂರುತ್ತದೆ, ಪಟ್ಟಿಯ ತಲೆಗೆ ಚಂದ ಕಾಣುತ್ತದೆ, ನಡುವಿನ ಅಂಕಿ ಹೊಲಿಗೆಯ ಸೊನ್ನೆಯಲ್ಲದಿದ್ದರೂ ನಡೆದೀತು ಎಂದುಕೊಂಡರು. ನೂರರ ಕೆಳಗಿನವಕ್ಕೆ ಕ್ರೆಡಿಟ್ ಇಲ್ಲ ಎಂದು ತಾವೇ ಬರೆದ ನಿಯಮ ಆ ಹೊತ್ತಿಗೆ ಅವರಿಗೆ ನೆನಪಾಗಲೇ ಇಲ್ಲ.

ಆ ಜೂನಿನಲ್ಲಿ ಗರಗದಿಂದ ಭುವನೇಶ್ವರಿ ಎಂಬ ಹುಡುಗಿ ಬಂದಳು. ತಾಯಿ ದೇವಕ್ಕ ಖಾದಿ ಕೇಂದ್ರದಲ್ಲಿ ನೂಲುವವಳು. ಮಗಳು ದಿನಾ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರಬೇಕು. ೧೦೭ ಎಂಬ ಕಸೂತಿಯ ಕೋರ್ಸು ಇಲ್ಲವೇ ಹೊಸ ೦೯೯, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಕಸೂತಿಯ ತರಗತಿ ಸಂಜೆ ಐದಕ್ಕೆ. ಅದಕ್ಕೆ ನಿಂತರೆ ಧಾರವಾಡದಲ್ಲಿ ಗರಗದ ಬಸ್ಸು ತಪ್ಪುತ್ತಿತ್ತು. ಆಕೆ ಅರ್ಜಿ ಹಿಡಿದು ಕಿಟಕಿಯ ಮುಂದೆ ನಿಂತಳು.

"ಸರ್ರ, ಇದರ ಮುಂದ ಸೊನ್ನಿ ಐತಲ್ರಿ. ಇದು ಅರವತ್ತರಾಗ ಬರತೈತೇನ್ರಿ?"

"ಬರ್ತದ, ಬರ್ತದ. ಸೊನ್ನಿ ನೋಡಿ ಅಂಜಬ್ಯಾಡ," ಎಂದು ರಾಯರು ನಕ್ಕು ಠಸ್ಸೆ ಹೊಡೆದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಆಫೀಸಿನ ಸಿಪಾಯಿ ಮಕಬೂಲಸಾಬನೂ ನಕ್ಕ. ಹುಡುಗಿ ನಿಶ್ಚಿಂತೆಯಿಂದ ಹೋದಳು.

ಅಲ್ಲಿಯ ತನಕ ಕ್ರೆಡಿಟ್ಟುಗಳನ್ನು ರಾಯರೇ ಕೈಯಲ್ಲಿ ಕೂಡಿಸುತ್ತಿದ್ದರು. ೨೦೦೩ರಲ್ಲಿ ಪರೀಕ್ಷಾ ವಿಭಾಗಕ್ಕೆ ಕಂಪ್ಯೂಟರ್ ಬಂತು. ಕೈಪಿಡಿಯ ನಿಯಮಗಳನ್ನೇ ಅದಕ್ಕೆ ಹಾಕಿದ್ದರು. ಅದು ನೂರರ ಕೆಳಗಿನದನ್ನೆಲ್ಲ ಮುಲಾಜಿಲ್ಲದೆ ತೆಗೆದುಹಾಕಿತು. ಉಳಿದ ಹುಡುಗಿಯರು ಒಂದೊಂದು ಕೋರ್ಸು ಹೆಚ್ಚಿಗೆ ಮಾಡಿದ್ದರಿಂದ ಅವರಿಗೆ ಬಿಸಿ ತಟ್ಟಲಿಲ್ಲ. ಭುವನೇಶ್ವರಿಗೆ ಮಾತ್ರ ಐವತ್ತೇಳು. ಕಲಘಟಗಿಯ ಕಡೆಯ ಒಂದು ಹುಡುಗಿಯರ ವಸತಿ ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸ ಅವಳಿಗೆ ನಿಶ್ಚಯವಾಗಿತ್ತು. ಜೂನ್ ಮುಗಿಯುವುದರೊಳಗೆ ಡಿಪ್ಲೊಮಾ ತೋರಿಸಬೇಕು ಎಂದಿದ್ದರು.

ಪ್ರಾಚಾರ್ಯ ವಿಜಯೀಂದ್ರ ರಾಯರನ್ನೂ ಹುಡುಗಿಯನ್ನೂ ಕೋಣೆಗೆ ಕರೆಸಿದರು. ವಯಸ್ಸಿನಲ್ಲಿ ರಾಯರಿಗಿಂತ ಹದಿನೈದು ವರ್ಷ ಚಿಕ್ಕವರು, ಒಳ್ಳೆಯವರು. ಹಿಂದಿನ ದಿನವಷ್ಟೇ ತಪಾಸಣೆಗೆ ಬಂದವರ ಮುಂದೆ ರಾಯರ ಕೈಪಿಡಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ರಾಯರು ಕೋಣೆಗೆ ಕಾಲಿಡುವಾಗಲೇ ಎಲ್ಲವೂ ಹೊಳೆದುಬಿಟ್ಟಿತ್ತು. ತಪ್ಪು ಹುಡುಗಿಯದಲ್ಲ, ಕಂಪ್ಯೂಟರಿನದೂ ಅಲ್ಲ. "ಸಂಖ್ಯೆ ಹಾಕುವಾಗ ನನ್ನಿಂದ ತಪ್ಪಾಗಿದೆ" ಎಂದು ಎರಡು ಸಾಲು ಬರೆದು ಸಹಿ ಮಾಡಿದರೆ ಆ ಸಂಜೆಯೇ ಹುಡುಗಿಗೆ ಅಂಕಪಟ್ಟಿ ಸಿಗುತ್ತಿತ್ತು.

"ಇದು ಲೆಕ್ಕಕ್ಕ ಬರ್ತದಂತ ನಿನಗ ಯಾರರ ಹೇಳಿದ್ರೇನವಾ?" ಎಂದು ವಿಜಯೀಂದ್ರ ಕೇಳಿದರು.

ಭುವನೇಶ್ವರಿ ಹೆಸರು ಹೇಳಲಿಲ್ಲ. ರಾಯರ ಕಡೆ ನೋಡಿದಳು. ಹಿರಿಯರ ಮಾತು ಹಿರಿಯರೇ ಆಡಲಿ ಎಂಬಂತೆ ನೋಡಿದಳು. ರಾಯರಿಗೆ ತಮ್ಮದೇ ದನಿ ಕೇಳಿಸಿತು:

"ಕೈಪಿಡಿಯೊಳಗ ಸ್ಪಷ್ಟ ಬರದದ ಸರ್. ನೂರರ ಕೆಳಗಿನವು ಪೂರ್ವತಯಾರಿ. ಎರಡನೇ ಪುಟ, ನಾಲ್ಕನೇ ನಿಯಮ."

ಹುಡುಗಿ ಕಣ್ಣು ಕೆಳಗಿಳಿಸಿದಳು. "ನಾನ ಸರಿಯಾಗಿ ಓದಿಲ್ಲೇನೋ ಬಿಡ್ರಿ," ಅಂದಳು. ವಿಜಯೀಂದ್ರ ನಿಟ್ಟುಸಿರು ಬಿಟ್ಟು, ಆ ಮೂರು ಕ್ರೆಡಿಟ್ಟಿಗಾಗಿ ಇನ್ನೊಂದು ಸೆಮಿಸ್ಟರು ಬರಬೇಕಾಗುತ್ತದೆ ಎಂದರು. ಚಹಾದ ಕಪ್ಪು ಎತ್ತಲು ಬಂದಿದ್ದ ಮಕಬೂಲಸಾಬ ಬಾಗಿಲಲ್ಲೇ ನಿಂತಿದ್ದ. ಸಂಜೆ ರಾಯರ ಮೇಜು ಒರೆಸುತ್ತ, "ಅಕಿ ಕೇಳಿದ್ಲಲ್ರಿ ಸಾಹೇಬ್ರ, ನಾನೂ ಇದ್ನೆಲ್ರಿ," ಅಂದ. "ಯಾವಾಗೋ?" ಎಂದರು ರಾಯರು. ಮಕಬೂಲಸಾಬ ಮತ್ತೆ ಆ ಮಾತು ತೆಗೆಯಲಿಲ್ಲ. ಅವತ್ತಿನಿಂದ ಅವರ ಚಹಾ ತಂದಿಟ್ಟು ಸುಮ್ಮನೆ ಹೋಗುತ್ತಿದ್ದ, ಮೊದಲಿನಂತೆ ಎರಡು ಮಾತು ಹರಟೆ ಹೊಡೆಯಲು ನಿಲ್ಲುತ್ತಿರಲಿಲ್ಲ.

ಅದೇ ಸಂಜೆ ಧಾರವಾಡದ ಬಸ್ಸಿಗೆ ರಾಯರೂ ಭುವನೇಶ್ವರಿಯೂ ಒಂದೇ ನಿಲ್ದಾಣದಲ್ಲಿ ನಿಲ್ಲಬೇಕಾಯಿತು. ರಾಯರು ಪೇಪರಿನಲ್ಲಿ ಮುಖ ಹುದುಗಿಸಿದರು. ಬಸ್ಸು ತುಂಬಿ ಬಂತು. ಭುವನೇಶ್ವರಿಗೆ ಹೇಗೋ ಒಂದು ಸೀಟು ಸಿಕ್ಕಿತು. ರಾಯರು ಕಂಬಿ ಹಿಡಿದು ಜೋಲಿ ಹೊಡೆಯುವುದನ್ನು ಕಂಡು ಆಕೆ ಎದ್ದು ನಿಂತಳು.

"ಕುಂದರ್ರಿ ಸರ್."

ಬೇಡವೆನ್ನಬೇಕಿತ್ತು. ಮುಂದಿನ ನಿಲ್ದಾಣಕ್ಕೆ ಇಳಿದು ಬೇರೆ ಬಸ್ಸು ಹಿಡಿದಿದ್ದರೂ ಆಗುತ್ತಿತ್ತು. ರಾಯರು ಕೂತರು. ಆಕೆ ಪಕ್ಕದಲ್ಲೇ ಕಂಬಿ ಹಿಡಿದು ನಿಂತಳು. ರಾಯಾಪುರ ಹೋಯಿತು, ಸತ್ತೂರ ಹೋಯಿತು. ರಾಯರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ನವಲೂರಿನ ಹತ್ತಿರ ಒಮ್ಮೆ ಬಾಯಿ ತೆರೆದರು, ಕೆಮ್ಮಿದರು, ಮುಚ್ಚಿಕೊಂಡರು. ಜ್ಯುಬಿಲಿ ಸರ್ಕಲ್ಲಿನಲ್ಲಿ ಇಳಿಯುವಾಗ ಆಕೆ, "ಬರತೇನ್ರಿ ಸರ್," ಎಂದು ಹೇಳಿಯೇ ಹೋದಳು. ಆ ರಾತ್ರಿ ರಾಯರು ಊಟವನ್ನು ಅರ್ಧಕ್ಕೇ ಬಿಟ್ಟರು. ಅಜೀರ್ಣ ಎಂದು ಸುಳ್ಳು ಹೇಳಿ ಎದ್ದರು.

ಮರುದಿನ ರಾಯರು ಮಾಡಿದ ಕೆಲಸ ಇನ್ನೂ ನಾಚಿಕೆಗೇಡು. ಹೊಸ ಕೈಪಿಡಿ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ೦೯೯ನ್ನು ಸದ್ದಿಲ್ಲದೆ ಹೊಡೆದುಹಾಕಿ ೧೦೮ ಎಂದು ಬರೆದರು. ಮುಂದಿನವರಿಗೆ ತೊಂದರೆಯಾಗದಿರಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಸಂಖ್ಯೆ ಯಾಕೆ ಬದಲಾಯಿತು ಎಂದು ಯಾರೂ ಕೇಳಲಿಲ್ಲ. ವಾರದ ಮೇಲೆ ಭುವನೇಶ್ವರಿ ಮತ್ತೆ ಹೆಸರು ಹಚ್ಚಲು ಅದೇ ಕಿಟಕಿಗೆ ಬಂದಳು. ಕಸೂತಿಯ ತರಗತಿ ಆಗಲೂ ಸಂಜೆ ಐದಕ್ಕೇ ಇತ್ತು. ಪಟ್ಟಿಯ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಲ್ಲಿಸಿದಳು.

"ನಂಬರ ಬದಲಾಗೇತಲ್ರಿ."

"ಹೌದು," ಎಂದರು ರಾಯರು, ರಸೀದಿ ಪುಸ್ತಕ ಹುಡುಕುತ್ತ. ರಸೀದಿ ಪುಸ್ತಕ ಎದುರಿಗೇ ಇತ್ತು.

ಅದೇ ದಾವಲಬಿ, ಅದೇ ಪಾಠ, ಅದೇ ಹಳೆಯ ನೋಟುಬುಕ್ಕು. ಕಲಿತದ್ದನ್ನೇ ಕಲಿಯಲು ಭುವನೇಶ್ವರಿ ಒಂದು ಸೆಮಿಸ್ಟರು ಪೂರ್ತಿ ಗರಗದಿಂದ ಬಂದುಹೋದಳು. ಕಲಘಟಗಿಯ ಕೆಲಸ ಬೇರೆಯವರ ಪಾಲಾಯಿತು. ಕೊನೆಗೆ ಸಿಕ್ಕ ಅಂಕಪಟ್ಟಿಯಲ್ಲಿ ಒಂದೇ ಹೆಸರಿನ ಕೋರ್ಸು ಎರಡು ಸಲ ಇತ್ತು. ೦೯೯ರಲ್ಲಿ ಎಂಬತ್ತೆರಡು ಅಂಕ, ಸೊನ್ನೆ ಕ್ರೆಡಿಟ್. ೧೦೮ರಲ್ಲಿ ಎಂಬತ್ತು ಅಂಕ, ಮೂರು ಕ್ರೆಡಿಟ್. ಅದನ್ನು ತಪ್ಪಿಲ್ಲದೆ ತಾಳೆ ನೋಡಿ ಸಹಿ ಹಾಕಿದವರು ಬಿಂದುಮಾಧವರಾಯರೇ.

ಆಮೇಲೆ ಐದು ವರ್ಷ, ಪ್ರತಿ ಕೈಪಿಡಿಯಲ್ಲೂ ಬೆಸ ಸಂಖ್ಯೆಗಳ ನಡುವೆ ಆ ೧೦೮ ಕಣ್ಣಿಗೆ ಚುಚ್ಚುತ್ತಿತ್ತು. ರಾಯರು ಜಾತಕ ಹೇಳುವುದನ್ನು ಬಿಟ್ಟರು. ಕಿಟಕಿಗೆ ಯಾರು ಬಂದು ಏನು ಕೇಳಿದರೂ, "ನಿಲ್ಲವಾ, ನೋಡಿ ಹೇಳ್ತೇನಿ," ಎಂದು ಪುಸ್ತಕ ತೆಗೆಯುತ್ತಿದ್ದರು. ಜನ ಅದನ್ನು ಅವರ ಶಿಸ್ತು ಎಂದು ಮತ್ತಷ್ಟು ಹೊಗಳಿದರು. ೨೦೦೮ರಲ್ಲಿ ನಿವೃತ್ತರಾದ ದಿನ ವಿಜಯೀಂದ್ರ ಶಾಲು ಹೊದಿಸಿ, "ಹದಿನಾಲ್ಕು ವರ್ಷದಾಗ ಇವರ ಅಂಕಿ ಒಂದೂ ತಪ್ಪಲಿಲ್ಲ," ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರದ ತಟ್ಟೆ ಹಿಡಿದಿದ್ದ ಮಕಬೂಲಸಾಬ ನೆಲ ನೋಡುತ್ತಿದ್ದ. ರಾಯರಿಗೆ ಆ ಶಾಲು ಕಿತ್ತೆಸೆದು ಓಡಿಹೋಗಬೇಕೆನಿಸಿತು.

ಮನೆಗೆ ಬಂದವರೇ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಮಂದಾಕಿನಿಬಾಯಿ ಶಾಲು ಮಡಚುತ್ತ ಕೇಳಿಸಿಕೊಂಡರು. "ನನ್ನ ಮುಂದ ಹೇಳಿದ್ರ ಏನ ಬಂತ್ರಿ? ಅಕಿ ಮುಂದ ಹೋಗಿ ಹೇಳ್ರಿ," ಎಂದರು.

ನಾಲ್ಕು ದಿನ ಇವತ್ತು ನಾಳೆ ಎಂದು ತಳ್ಳಿ, ಐದನೆಯ ದಿನ ರಾಯರು ಗರಗದ ಬಸ್ಸು ಹತ್ತಿದರು. ಭುವನೇಶ್ವರಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ನಾಲ್ಕು ಮಷೀನುಗಳು, ಹೊಲಿಗೆ ಕಲಿಯುವ ಹುಡುಗಿಯರು. ಆಕೆ ಗುರುತು ಹಿಡಿದು ಕುರ್ಚಿ ಹಾಕಿದಳು, ಚಹಾ ಮಾಡಿಸಿದಳು. ರಾಯರು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟವು.

"ತಪ್ಪು ನಂದವಾ. ನೀ ಕೇಳಿದ್ದಿ. ಬರ್ತದ ಅಂತ ನಾನೇ ಅಂದಿದ್ದೆ. ಅವತ್ತ ಆ ಖೋಲ್ಯಾಗ ನನ್ನ ಬಾಯಿಂದ ಬರಲಿಲ್ಲ."

ಭುವನೇಶ್ವರಿ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ ಸರ್," ಅಂದಳು. "ಅವತ್ತ ಬಸ್ಸಿನ್ಯಾಗ ನಿಮಗ ಜಾಗಾ ಬಿಟ್ಟಿದ್ದು ಮತ್ತ್ಯಾಕ ಅಂತ ಮಾಡೀರಿ? ಖೋಲ್ಯಾಗ ದೊಡ್ಡ ಸಾಹೇಬ್ರ ಮುಂದ ಹೇಳಾಕ ಆಗಿರಲಿಕ್ಕಿಲ್ಲ, ಇಲ್ಲೆರ ಕುಂತು ಒಂದ ಮಾತ ಹೇಳ್ತಾರ ಅನಕೊಂಡಿದ್ದೆ. ಬಾಜೂಕ ನಿಂತೆ. ರಾಯಾಪುರ ಬಂತು, ಸತ್ತೂರ ಬಂತು. ನಾಳೆ ಸಾಹೇಬ್ರಿಗೆ ಹೇಳ್ತೇನವಾ ಅಂದಿದ್ರ ಸಾಕಿತ್ರಿ. ನವಲೂರ ದಾಟಿದ ಮ್ಯಾಲ ಆಸೆ ಬಿಟ್ಟೆ."

ಒಂದು ಹುಡುಗಿ ಹೊಲಿದ ತೋಳು ತಂದು ತೋರಿಸಿದಳು. ಭುವನೇಶ್ವರಿ ಅದನ್ನು ತಿರುವಿ ನೋಡಿ, ಎಲ್ಲಿ ಬಿಚ್ಚಬೇಕೆಂದು ಬೆರಳಿಟ್ಟು ತೋರಿಸಿ ಕಳಿಸಿದಳು.

"ಚಹಾ ಆರಾಕತ್ತೇತಿ, ಕುಡೀರಿ ಸರ್," ಅಂದಳು. "ನಾಕರ ಬಸ್ಸ ತಪ್ಪಿದ್ರ ನಿಮಗ ಹೊತ್ತಾಗತೈತಿ."

ರಾಯರು ಚಹಾ ಕುಡಿದರು. ನಾಲ್ಕರ ಬಸ್ಸಿಗೇ ಹೊರಟು ಬಂದರು. ಮನೆಯಲ್ಲಿ ಮಂದಾಕಿನಿಬಾಯಿ ಬಾಗಿಲಲ್ಲೇ ಕಾಯುತ್ತಿದ್ದರು.

"ಹೇಳಿದ್ರೇನು? ಏನಂದ್ಲು?"

ರಾಯರು ಚಪ್ಪಲಿ ಬಿಟ್ಟು ಗೋಡೆಯ ಬದಿಗೆ ಜೋಡಿಸಿಟ್ಟರು.

"ಅಕಿಗೆ ಏನೂ ಸಿಟ್ಟಿಲ್ಲಂತ," ಎಂದರು.

ಭುವನೇಶ್ವರಿ ಹಾಗೆಂದು ಹೇಳಿರಲಿಲ್ಲ.