ಐನೂರು ಕಿಲೋಗೆ ಐವತ್ತು ಗ್ರಾಂ

ಮುಖಕ್ಕೆ ಹಚ್ಚುವ ಕ್ರೀಮಿನ ಕಾರ್ಖಾನೆಯ ತೂಕದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಹೆಂಗಸನ್ನು ಎಲ್ಲರೂ ತಕ್ಕಡಿಯಮ್ಮ ಎಂದೇ ಕರೆಯುತ್ತಿದ್ದರು. ತಕ್ಕಡಿ ಹೋಗಿ ಅಂಕಿ ಮಿನುಗುವ ಯಂತ್ರ ಬಂದು ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಉಳಿದಿತ್ತು. ಕಿಟಕಿಯಿಲ್ಲದ ಕೋಣೆ. ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಪುಡಿಯೆಲ್ಲ ಹಾರುತ್ತದೆ. ಜಿಂಕ್ ಆಕ್ಸೈಡ್, ಬಿಳಿ ಜೇಡಿ, ಅಭ್ರಕದ ಪುಡಿ, ಮೇಣ, ಗ್ಲಿಸರಿನ್. ಒಂದೊಂದನ್ನೂ ಆಕೆ ಚಮಚ ತಟ್ಟಿ ತಟ್ಟಿ ಕೊನೆಯ ಗ್ರಾಮಿನವರೆಗೆ ತೂಗಿ, ಚೀಟಿ ಅಂಟಿಸಿ, ಪಕ್ಕದ ದೊಡ್ಡ ಸ್ಟೀಲ್ ಟ್ಯಾಂಕಿಗೆ ಕಳಿಸುತ್ತಿದ್ದಳು. ಆ ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ಬರೀ ನೀರು. ಅದು ಡಬ್ಬಿ ಕೊಳ್ಳುವವರಿಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ದರ್ದೂ ಅವರಿಗಿರಲಿಲ್ಲ.

ಕೋಣೆಯಲ್ಲಿ ರಾಜಮರ್ಯಾದೆ ಇದ್ದದ್ದು ಒಂದು ಕಂದು ಸೀಸೆಗೆ. ಅದಕ್ಕೊಂದು ಪ್ರತ್ಯೇಕ ಫ್ರಿಜ್ಜು, ಫ್ರಿಜ್ಜಿಗೊಂದು ಬೀಗ. ಒಳಗಿದ್ದದ್ದು ಯಾವುದೋ ಹಳೆಯ ತಳಿಯ ಸೇಬಿನ ಜೀವಕೋಶಗಳ ಸಾರ. ಪ್ರಯೋಗಾಲಯದವರು ಸೇಬಿನ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿಟ್ಟು, ಸಕ್ಕರೆ ನೀರು ಉಣಿಸಿ, ಬೆಳೆದ ಕೋಶಗಳನ್ನು ಒಡೆದು ಗ್ಲಿಸರಿನ್ನಿನಲ್ಲಿ ಕದಡಿ ಕಳಿಸುತ್ತಿದ್ದರು. ಡಬ್ಬಿಯ ಮುಚ್ಚಳದ ತುಂಬ ಸೇಬಿನ ಚಿತ್ರ, ಅದರ ಕೆಳಗೆ ‘ಖನಿಜಗಳ ಶಕ್ತಿ, ಸಸ್ಯಕೋಶದ ಯೌವನ’ ಎಂಬ ಹೊಳೆಯುವ ಅಕ್ಷರ. ಟ್ಯಾಂಕಿಗೆ ಬೀಳುತ್ತಿದ್ದ ಸಾರ ಮಾತ್ರ ಐನೂರು ಕಿಲೋಗೆ ಐವತ್ತು ಗ್ರಾಂ.

“ಇಷ್ಟು ಹಾಕೋ ಬದಲು ಟ್ಯಾಂಕಿಗೆ ಒಂದ್ಸಲ ಸೇಬು ತೋರಿಸಿದ್ರೆ ಸಾಕಾಗ್ತಿರಲಿಲ್ವಾ?” ಎಂದು ಆಕೆ ಒಮ್ಮೆ ಮ್ಯಾನೇಜರನ್ನು ಕೇಳಿದ್ದಳು.

“ತೂಕ ಹಾಕೋದು ನಿಮ್ಮ ಕೆಲಸ. ತೂಕದ ಮಾತಾಡೋದಲ್ಲ,” ಎಂದು ಆತ ಮುಖ ತಿರುಗಿಸಿದ್ದ.

ಮನೆಗೆ ಬಂದರೆ ಅಲ್ಲೂ ಅದೇ ಡಬ್ಬಿ. ಸೊಸೆ ಕನ್ನಡಿಯ ಮುಂದೆ ಕೂತು, ಕೆನ್ನೆಗೆ ಕೆಳಗಿನಿಂದ ಮೇಲಕ್ಕೆ, ಲೆಕ್ಕ ಹಾಕಿದಂತೆ ಹಚ್ಚುತ್ತಿದ್ದಳು.

“ಅತ್ತೆ, ನೀವೂ ಹಚ್ಕೊಳ್ಳಿ. ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ.”

“ಹತ್ತು ವರ್ಷ ಚಿಕ್ಕವಳಾದ್ರೆ ಇನ್ನೂ ಹತ್ತು ವರ್ಷ ಅಲ್ಲಿ ದುಡೀಬೇಕು. ನಂಗೆ ಬೇಡಮ್ಮ.”

ನಿಜ ಹೇಳಬೇಕೆಂದರೆ ಐವತ್ತಾರರಲ್ಲೂ ಆಕೆಯ ಮುಖದಲ್ಲಿ ಒಂದೂ ಗೆರೆಯಿರಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಆಕೆ ಮುಖಗವಸು ತೆಗೆದು ಊಟಕ್ಕೆ ಕೂತಿದ್ದಾಗ ಪ್ರಚಾರದ ಅಧಿಕಾರಿಯ ಕಣ್ಣಿಗೆ ಬಿದ್ದಳು. ಕಾರ್ಖಾನೆಯೊಳಗೆ ಏನು ಕುದಿಯುತ್ತದೆಂದು ಒಂದು ದಿನವೂ ಇಣುಕಿ ನೋಡದೆ, ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಭೂಪ ಅವನು. ಆಕೆಯ ವಯಸ್ಸು ಕೇಳಿದವನೇ ಕುಣಿದಾಡಿಬಿಟ್ಟ.

ಮುಂದಿನ ವಾರ ಅಂಗಡಿಯವರು, ಬ್ಯೂಟಿ ಪಾರ್ಲರಿನವರು ಸೇರುವ ದೊಡ್ಡ ಸಮಾವೇಶವಿತ್ತು. ಆಕೆಗೆ ಬಿಳಿ ಕೋಟು ತೊಡಿಸಿ ವೇದಿಕೆ ಹತ್ತಿಸಿದರು. ಕೈಯಲ್ಲೊಂದು ಚೀಟಿ: ‘ನನ್ನ ಚರ್ಮದ ಗುಟ್ಟು ಈ ಕ್ರೀಮ್.’ ಎದುರಿಗೆ ಆರುನೂರು ಜನ, ಒಬ್ಬೊಬ್ಬರ ಮುಖವೂ ಎಣ್ಣೆ ಸವರಿದ ತಟ್ಟೆಯಂತೆ ಮಿರಮಿರ. ಆಕೆ ಚೀಟಿ ನೋಡಿದಳು, ಮಡಚಿದಳು, ಜೇಬಿಗಿಟ್ಟಳು.

“ನಾನು ಇದನ್ನ ಒಂದು ದಿನವೂ ಹಚ್ಚಿಲ್ಲ,” ಎಂದಳು. “ಇಪ್ಪತ್ತೆರಡು ವರ್ಷ ಕಿಟಕಿ ಇಲ್ಲದ ಕೋಣೇಲಿ ಕೂತಿದ್ದೀನಿ. ಬಿಸಿಲು ಬಿದ್ದಿಲ್ಲ, ಅದಕ್ಕೆ ಮುಖ ಹೀಗಿದೆ. ಇನ್ನು ಆ ಸೇಬಿನ ಸಾರ. ಐನೂರು ಕಿಲೋಗೆ ಐವತ್ತು ಗ್ರಾಂ ಹಾಕ್ತೀವಿ. ಅರ್ಧ ಲೋಟ ಟೀಯಷ್ಟೂ ಬರಲ್ಲ. ತೂಗೋಳು ನಾನೇ.”

ಮ್ಯಾನೇಜರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಆದರೆ ಪ್ರಚಾರದವನು ಚಂಗನೆ ನೆಗೆದು ಮೈಕು ಕಿತ್ತುಕೊಂಡ.

“ಕೇಳಿದ್ರಾ! ಐವತ್ತೇ ಗ್ರಾಂ! ಐನೂರು ಕಿಲೋಗೆ ಅಷ್ಟು ಸಾಕು ಅಂದ್ರೆ ಅದರ ಶಕ್ತಿ ಎಷ್ಟಿರಬೇಕು? ಬರೀ ಅದರ ಗಾಳಿ ಕುಡಿದದ್ದಕ್ಕೇ ಇವರ ಮುಖ ಹೀಗಿದೆ. ಇನ್ನು ಹಚ್ಕೊಂಡಿದ್ರೆ?”

ಆರುನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಿಸಿಲಿನ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಕೆಳಗಿಳಿದರೆ ಪಾರ್ಲರಿನ ಒಡತಿಯೊಬ್ಬಳು ಕೇಳದೆಯೇ ಆಕೆಯ ಕೆನ್ನೆ ಸವರಿ, “ಅಕ್ಕಾ, ಆ ಕೋಣೇಲಿ ಒಂದರ್ಧ ಗಂಟೆ ಕೂರೋಕೆ ಬಿಡ್ತಾರಾ?” ಎಂದಳು.

ಆಕೆಗೆ ಸಿಟ್ಟು ಬರಲಿಲ್ಲ, ಹೇಸಿಗೆಯಾಯಿತು. ಅಲ್ಲಿಯವರೆಗೆ ಮೋಸ ಮಾಡುವವರ ಮೇಲಷ್ಟೇ ಇದ್ದ ತಾತ್ಸಾರ ಅಂದಿನಿಂದ ಮೋಸಹೋಗುವವರಿಗೂ ಸಮನಾಗಿ ಹಂಚಿಹೋಯಿತು. ತಿಂಗಳೊಳಗೆ ಹೊಸ ಡಬ್ಬಿ ಬಂತು: ‘ಐವತ್ತೇ ಗ್ರಾಮಿನ ಪವಾಡ’. ಸೇಬಿನ ಪಕ್ಕದಲ್ಲಿ ಬಿಳಿ ಕೋಟಿನ ತಕ್ಕಡಿಯಮ್ಮ. ಅದನ್ನು ನೋಡಿದ ದಿನವೇ ರಾಜೀನಾಮೆ ಬರೆದು ಮ್ಯಾನೇಜರನ ಮೇಜಿನ ಮೇಲಿಟ್ಟಳು.

“ಯಾಕಮ್ಮ? ಈಗ ಎಲ್ಲ ನಿಮ್ಮನ್ನೇ ಕೇಳ್ತಾರೆ.”

“ಸುಳ್ಳು ಹೇಳಿದ್ರೂ ಕ್ರೀಮ್ ಮಾರ್ತೀರಿ, ನಿಜ ಹೇಳಿದ್ರೂ ಕ್ರೀಮ್ ಮಾರ್ತೀರಿ. ಇನ್ನು ನನ್ನ ಬಾಯಿಗೆ ಇಲ್ಲೇನು ಕೆಲಸ?”

ಸೊಸೆ ಹದಿನೈದು ದಿನ ಮುಖ ಊದಿಸಿಕೊಂಡಿದ್ದಳು. ಅತ್ತೆಯ ಚಿತ್ರವಿರುವ ಡಬ್ಬಿಯನ್ನು ನೆಂಟರಿಗೆಲ್ಲ ತೋರಿಸಿ ಬಂದವಳಿಗೆ, ಅತ್ತೆ ಆ ಕೆಲಸವನ್ನೇ ಬಿಟ್ಟದ್ದು ದೊಡ್ಡ ಅವಮಾನವಾಗಿತ್ತು.

ಎರಡು ಬೀದಿ ಆಚೆಯ ಗೋಡೆ ಬಣ್ಣದ ಸಣ್ಣ ಕಾರ್ಖಾನೆಯಲ್ಲಿ ಆಕೆಗೆ ಮತ್ತೆ ತೂಕದ ಕೆಲಸವೇ ಸಿಕ್ಕಿತು. ಅಲ್ಲಿಯೂ ಬಿಳಿ ಜೇಡಿಯ ಚೀಲ, ಅಭ್ರಕದ ಚೀಲ. ಗೋಡೆಗೆ ಬಳಿಯುವುದು ಎಂದು ಹೇಳಿಯೇ ಮಾರುತ್ತಿದ್ದರು ಎಂಬುದೊಂದು ನೆಮ್ಮದಿ. ಆದರೆ ಮೂರನೆಯ ತಿಂಗಳಲ್ಲಿ ಮುದಿ ಮಾಲೀಕ ಹೊಸ ಡಬ್ಬದ ನಮೂನೆ ಹಿಡಿದು ಬಂದ. ಮೇಲೆ ‘ಉಸಿರಾಡುವ ಗೋಡೆ’ ಎಂದಿತ್ತು.

“ಗೋಡೆಗೆ ಮೂಗೆಲ್ಲಿದೆ ಸ್ವಾಮಿ?” ಎಂದಳು ಆಕೆ.

ಮಾಲೀಕ ಕೆಂಪೇರಿದ ಮುಖದಲ್ಲಿ ಡಬ್ಬವನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟುಹೋದ. ತಬ್ಬಿಬ್ಬಾಗುವಷ್ಟಾದರೂ ನಾಚಿಕೆ ಈ ಮನುಷ್ಯನಲ್ಲಿ ಉಳಿದಿದೆಯಲ್ಲ ಎಂದುಕೊಂಡು ಆಕೆ ಮುಂದಿನ ಚೀಲ ಬಿಚ್ಚಿದಳು.