ಬೇವಿನ ಮರದಡಿ ಬಿಚ್ಚುವ ಬೂಟು

ಮಾರಕ್ಕನ ಕಾಲಿಗೆ ದಿನಕ್ಕೆ ಎರಡು ಕಾನೂನು. ಬೆಳಿಗ್ಗೆ ಸೋಲಾರ್ ಕಂಪನಿಯದು: ಬೂಟಿಲ್ಲದೆ ಗೇಟಿನೊಳಗೆ ಕಾಲಿಡಕೂಡದು. ಸಂಜೆ ಊರಿನದು: ಗೌಡರ ಬೀದಿಯಲ್ಲಿ ಕಾಲಿಗೆ ಏನೂ ಇರಕೂಡದು. ಎರಡನೆಯದನ್ನು ಈಗ ಯಾರೂ ಹೇಳುವುದಿಲ್ಲ. ಹೇಳುತ್ತಿದ್ದವರಲ್ಲಿ ಅರ್ಧ ಜನ ತೀರಿಕೊಂಡರು, ಉಳಿದವರು ಮರೆತರು. ಆದರೂ ಕಂಪನಿಯ ಗಾಡಿ ಟಾರು ರಸ್ತೆಯಲ್ಲಿ ಇಳಿಸಿ ಹೋದ ಮೇಲೆ, ಬೀದಿಯ ತಲೆಯಲ್ಲಿರುವ ಬೇವಿನ ಮರ ಬಂತೆಂದರೆ ಮಾರಕ್ಕ ಬಗ್ಗಿ ಬೂಟು ಬಿಚ್ಚುತ್ತಾಳೆ. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಬೀದಿ ದಾಟಿ, ಆಚೆಯ ಕಾಲೋನಿ ಸೇರುತ್ತಾಳೆ.

ರಾಯಚರ್ಲು ಕಡೆಯ ಈ ಊರಿನ ದೊಡ್ಡರಂಗಪ್ಪನವರ ಮನೆಗೆ ಅವಳು ಜೀತಕ್ಕೆ ಸೇರಿದ್ದು ಒಂಬತ್ತನೇ ವರ್ಷದಲ್ಲಿ. ಹದಿನೆಂಟಕ್ಕೆ ಯಾರೋ ಸಾಹೇಬರು ಜೀಪಿನಲ್ಲಿ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ಇವತ್ತಿನಿಂದ ನೀನು ಯಾರ ಆಳೂ ಅಲ್ಲ ಎಂದು ಕಾಗದ ಕೊಟ್ಟರು. ಅಂದು ಬರಿಗಾಲಲ್ಲಿ ಕಳೆ ಕಿತ್ತ ಹೊಲದಲ್ಲೇ ಈಗ ಸೋಲಾರ್ ಪ್ಯಾನೆಲ್ಲುಗಳ ಧೂಳು ತೊಳೆಯುತ್ತಾಳೆ. ಕೂತಲ್ಲಿ ಕೂರುವ ಜೀವವಲ್ಲ. ಊಟವೂ ನಿಂತೇ, ಯಾರಾದರೂ 'ಲೇ ಮಾರಿ' ಎಂದು ಕರೆದಾರೆಂದು ಕಿವಿ ಅತ್ತ ಇಟ್ಟುಕೊಂಡೇ.

ಭಾನುವಾರ ಸೊಸೆ ಗಂಗಾಂಬಿಕಾಳ ಜೊತೆ ಪ್ರಾರ್ಥನೆ ಮನೆಗೆ ಹೋದದ್ದೇ ಹೋದದ್ದು, ಇದ್ದಬದ್ದ ನೆಮ್ಮದಿಯೂ ಹೋಯಿತು. ಪಾಸ್ಟರ್ ರೇಣುಕಪ್ರಸಾದ್ ಇಸ್ರಾಯೇಲರ ಕಥೆ ಎತ್ತಿಕೊಂಡರು. ಅವರೆಲ್ಲ ಐಗುಪ್ತದ, ಅಂದರೆ ಈಜಿಪ್ಟಿನ, ದೊರೆಗೆ ಇಟ್ಟಿಗೆಯ ಮಣ್ಣು ತುಳಿಯುತ್ತಿದ್ದ ಜೀತದವರು. ಅವರು ಜೀತ ಬಿಟ್ಟು ಹೊರಡುವ ರಾತ್ರಿ ದೇವರು ಹೇಳಿದನಂತೆ: ಉಣ್ಣಿ, ಆದರೆ ನಡು ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಕಾಲಿಗೆ ಜೋಡು ಮೆಟ್ಟಿಕೊಂಡು, ಅವಸರದಲ್ಲಿ ಉಣ್ಣಿ.

"ಉಣ್ಣೋವಾಗ್ಲೂ ಜೋಡು ಯಾಕೆ ಪಾಸ್ಟ್ರಪ್ಪ?" ಮಾರಕ್ಕ ಕೇಳಿಯೇಬಿಟ್ಟಳು.

"ಜೋಡು ಮೆಟ್ಟಿದೋರು ಹೊರಡಕ್ಕೆ ತಯಾರಾದೋರು ಮಾರಕ್ಕ. ದೇವರು ಬಾಗಿಲು ತೆಗೀತಾನೆ, ನಡೀಬೇಕಾದೋರು ನಾವೇ."

"ಆಮೇಲೆ ಸೀದಾ ಅವ್ರ ಊರಿಗೋದ್ರಾ?"

"ಎಲ್ಲಿ? ನಲವತ್ತು ವರ್ಷ ಮರಳುಗಾಡಲ್ಲಿ ಅಲೆದ್ರು. ಜೀತ ಮನಸ್ಸಿಂದ ಹೋಗಕ್ಕೆ ಅಷ್ಟು ಬೇಕಾಯ್ತು."

ಮಾರಕ್ಕ ಬೆರಳು ಮಡಿಸಿದಳು. ಕಾಗದ ಬಂದು ನಲವತ್ತು ತುಂಬಿತ್ತು.

ಸೋಮವಾರದಿಂದ ಮೂರು ಸಂಜೆ ಬೇವಿನ ಮರದಡಿ ನಿಂತು, ಇವತ್ತು ಬಿಚ್ಚುವುದಿಲ್ಲ ಅಂದುಕೊಂಡಳು. ಮೂರು ಸಂಜೆಯೂ ಕೈ ತಾನಾಗಿ ಲೇಸಿಗೆ ಹೋಯಿತು. ತನ್ನ ಕೈಯ ಮೇಲೆ ತನಗೇ ಸಿಟ್ಟು, ಅದಕ್ಕಿಂತ ಹೆಚ್ಚು ನಾಚಿಕೆ.

"ಯಾರೂ ಏನೂ ಅನ್ನಲ್ಲ ಕಣತ್ತೆ," ಅಂದಳು ಗಂಗಾಂಬಿಕಾ.

"ನಂಗೊತ್ತು ಕಣಮ್ಮ. ಕಾಲಿಗೆ ಗೊತ್ತಿಲ್ವಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಹೊಡೆದು ಕಲಿಸಿದ್ದು.

ಗುರುವಾರ ಮಧ್ಯಾಹ್ನದ ಮುದ್ದೆಯನ್ನು ಉಣ್ಣದೆ ಡಬ್ಬಿಯಲ್ಲೇ ಉಳಿಸಿಕೊಂಡು ಬಂದಳು. ಬೇವಿನ ಮರದಡಿ ಸೆರಗನ್ನು ನಡುವಿಗೆ ಸಿಕ್ಕಿಸಿ, ಕಟ್ಟೆಯ ಮೇಲೆ ಡಬ್ಬಿ ತೆರೆದಿಟ್ಟು, ಎಡಗೈಯಲ್ಲಿ ಒಂದು ಒಣಕೋಲು ಹಿಡಿದು, ಬೂಟುಗಾಲಲ್ಲಿ ನಿಂತು ಗಬಗಬನೆ ಉಂಡಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಎಂಜಲು. ಇನ್ನು ಲೇಸು ಬಿಚ್ಚುವುದು ಹೇಗೆ? ಖಾಲಿ ಡಬ್ಬಿಯನ್ನು ಕಂಕುಳಲ್ಲಿ, ಬೂಟಿನ ಜಾಗದಲ್ಲಿ, ಇರುಕಿಕೊಂಡು ಬೀದಿಗಿಳಿದಳು.

ಜಗಲಿಯ ಮೇಲೆ ದೊಡ್ಡರಂಗಪ್ಪ ಕೂತಿದ್ದರು. ಕಣ್ಣು ಹೋಗಿ ಆರು ವರ್ಷವಾಗಿತ್ತು.

"ಯಾರದು, ದಪದಪ ಅಂತ ಹೋಗ್ತಿರೋದು?"

"ಮಾರಕ್ಕ, ಸಾಮಿ."

"ಮಾರಿಯಾ? ಯಾವಾಗ ಬಂದೆ? ಕಣ್ಣು ಹೋದ್ಮೇಲೆ ನಿನ್ನ ಸದ್ದೇ ಇಲ್ಲ. ಊರು ಬುಟ್ಟೋದ್ಲು ಅಂದ್ಕಂಡಿದ್ದೆ."

"ದಿನಾ ಇಲ್ಲೇ ಓಡಾಡ್ತಿದ್ದೆ ಸಾಮಿ, ಬರಿಗಾಲಾಗೆ. ನಿಮ್ಮನೆ ಬುಟ್ಟು ಹೊರಟಿದ್ದು ಇವತ್ತು."

ಅಂದವಳು ನಿಲ್ಲಲಿಲ್ಲ. ಕಾಲೋನಿಯ ನಲ್ಲಿ ಸಿಗುವವರೆಗೂ ಎಂಜಲು ಕೈ ತೊಳೆಯಲಿಲ್ಲ.