ಭೀಮಶಾ ಕಾಕಾನ ಮೂರು ಬೆರಳು

ಭೀಮಶಾ ಕಾಕಾ ಉಗುಳಿದನೆಂದರೆ ಹತ್ತಿರದಲ್ಲೆಲ್ಲೋ ಸಣ್ಣ ಕಣ್ಣಿನ ಬಲೆ ಕಂಡಿದೆ ಎಂದೇ ತಿಳಿಯಬೇಕು. ಬಾಯಲ್ಲಿ ತಂಬಾಕು ಇರಲಿ, ಇಲ್ಲದಿರಲಿ, ಮುಖ ಸೊಟ್ಟಗೆ ಮಾಡಿ, ಪಕ್ಕಕ್ಕೆ ತಿರುಗಿ ಥೂ ಎನ್ನುತ್ತಿದ್ದ. ಕಂಡದ್ದನ್ನು ನೆನೆಸಿಕೊಂಡರೂ ಸಾಕು, ಮತ್ತೊಮ್ಮೆ ಥೂ. ಉಮರ್ಗಾದ ಹೈವೇ ಪಕ್ಕದಲ್ಲಿರುವ ನನ್ನ ಖಾನಾವಳಿಯ ಹೊಸ್ತಿಲಿಗೂ ಆ ಭಾಗ್ಯ ತಪ್ಪಲಿಲ್ಲ. ಉಣ್ಣುವ ಜಾಗ ಕಾಕಾ ಇದು ಎಂದು ಬೈಯುತ್ತ, ನೀರು ಹಾಕಿ ತೊಳೆಯುತ್ತ ನನ್ನ ಅರ್ಧ ಆಯುಷ್ಯ ಹೋಯಿತು.

ಮುರುಮ್ ಎಂಬ ಊರಿನ ಆಚೆಗಿರುವ ಕೆರೆಯನ್ನು, ನಮ್ಮ ಬಾಯಲ್ಲಿ ತಲಾವನ್ನು, ಮೀನುಗಾರರ ಸೊಸೈಟಿ ಗುತ್ತಿಗೆ ಹಿಡಿದಿತ್ತು. ನನಗೆ ಮೀನು ಬರುತ್ತಿದ್ದುದು ಅಲ್ಲಿಂದಲೇ, ತರುತ್ತಿದ್ದವನು ಕಾಕಾ. ಆದರೆ ಸೊಸೈಟಿಯಲ್ಲಿ ಅವನ ನಿಜವಾದ ಕೆಲಸ ಬಲೆ ನೋಡುವುದು. ಬಲೆಯ ಕಣ್ಣು ಇಷ್ಟಕ್ಕಿಂತ ಸಣ್ಣದಿರಬಾರದು, ಯಾವ ಬಲೆಗೆ ಯಾವ ಮೀನು ಎಷ್ಟು ಬಿತ್ತೆಂದು ತಿಂಗಳಿಗೊಮ್ಮೆ ಮೀನುಗಾರಿಕೆ ಆಫೀಸಿಗೆ ವರದಿ ಹೋಗಬೇಕು ಎಂಬುದು ನಿಯಮ. ಅಳೆಯಲು ಆಫೀಸಿನವರು ಒಂದು ಪಟ್ಟಿ ಕೊಟ್ಟಿದ್ದರು. ಅದರಿಂದ ಕಾಕಾ ಬೆನ್ನು ತುರಿಸಿಕೊಳ್ಳುತ್ತಿದ್ದ. ಬಲೆಗೆ ಮಾತ್ರ ತನ್ನ ಮೂರು ಬೆರಳು ಜೋಡಿಸಿ ತೂರಿಸುವನು. ಹೋದವೋ, ಬಲೆ ನೀರಿಗೆ. ಹೋಗಲಿಲ್ಲವೋ, ಏರಿಯ ಮೇಲೆ ಅಲ್ಲೇ ಬೆಂಕಿಗೆ.

ನನ್ನ ಅಡುಗೆಯನ್ನು ಅವನು ಒಂದು ದಿನವೂ ಮೆಚ್ಚಲಿಲ್ಲ. "ಮೀನಾ ಒಮ್ಮಿ ಸತ್ತದ ತಂಗೀ, ನೀ ಮಸಾಲಿ ಹಾಕಿ ಮತ್ತ ಯಾಕ ಕೊಲ್ತಿ?" ಎನ್ನುತ್ತಿದ್ದ. ಚಹಾ ಮಾತ್ರ ಕುಡಿಯುತ್ತಿದ್ದ, ಅದೂ ಪಾಕದಂಥದ್ದು.

ಒಂದು ಬೇಸಿಗೆಯಲ್ಲಿ ಇಬ್ಬರು ಗಂಡಸರನ್ನು ಮುಂದಿಟ್ಟುಕೊಂಡು, ಕೈಯಲ್ಲಿ ಒಂದು ಬಕೀಟು ಹಿಡಿದು ಬಂದ. ಅವರಿಬ್ಬರೂ ಸೊಸೈಟಿಯವರೇ. ಸೊಳ್ಳೆ ಪರದೆಯನ್ನು ಹೊಲಿದು ಉದ್ದ ಮಾಡಿ ತಲಾವಿನ ದಂಡೆಯನ್ನೇ ಗೋರಿದ್ದರು. ಬಕೀಟಿನ ತುಂಬ ಕಡ್ಡಿಯಷ್ಟಷ್ಟೇ ಮರಿಗಳು, ಹೊಟ್ಟೆ ಒಡೆದು, ಅಂಟಂಟಾಗಿ, ಬಿಸಿಲಿಗೆ ನಾರುತ್ತಿದ್ದವು. ಇದನ್ನು ಹೀಗೇ ಬೇಯಿಸಿ ಇವರಿಗೆ ಬಡಿಸು ಎಂದ ಕಾಕಾ. ನನ್ನ ಪಾತ್ರೆ ಹೊಲಸಾಗುತ್ತದೆ ಎಂದರೂ ಕೇಳಲಿಲ್ಲ. ಬೇಯಿಸಿ ಹಾಕಿದೆ. ಇಬ್ಬರೂ ತಾಟು ನೋಡಿದರು, ಒಬ್ಬರನ್ನೊಬ್ಬರು ನೋಡಿದರು, ಕೈ ಮುಂದೆ ಬರಲಿಲ್ಲ.

"ನೀವು ತಿನ್ನಲಾರದ್ದು ಹಿಡಿದೀರಿ ಅಂದ್ರ, ಯಾರ ಸಲುವಾಗಿ ಹಿಡಿದ್ರಿ?" ಎಂದು ಕೇಳಿದ. ಉತ್ತರ ನನಗೆ ಗೊತ್ತಿತ್ತು. ಕೋಳಿ ಆಹಾರ ಮಾಡುವವರು ಅದನ್ನು ಒಣಗಿಸಿ ಒಯ್ಯುತ್ತಿದ್ದರು.

ಆ ಪರದೆಯನ್ನು ಕಾಕಾ ತಪಾಸಣೆಗೆ ಬಂದ ಸಾಹೇಬರಿಗೂ ತೋರಿಸಿದ. ಆ ಸಾಹೇಬರು ತಲಾವಿನ ತಪಾಸಣೆ ಮಾಡಿದ್ದು ಕಾರಿನ ಗಾಜು ಏರಿಸಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು. ಆಮೇಲೆ ನನ್ನಲ್ಲೇ ಕೂತು ಎರಡು ತಾಟು ಮೀನು ಬಾರಿಸಿದರು, ಆಗ ಮೂಗಿಗೆ ಏನೂ ಆಗಲಿಲ್ಲ. ಪರದೆ ನೋಡಿ, ವರದಿಯಲ್ಲಿ ಬಲೆಗಳಿಗೆ ಮಾತ್ರ ಜಾಗ ಇದೆ, ಇದು ಬಲೆಯಲ್ಲ, ಇದನ್ನೆಲ್ಲಿ ಬರೆಯಲಿ ಎಂದರು. ಕಾಕಾ ಎದ್ದು ಹೊಸ್ತಿಲಿಗೆ ಹೋದ. ಆ ದಿನ ನಾನು ಬೈಯಲಿಲ್ಲ.

ಅವನಿಗೆ ಮುಳುವಾದದ್ದು ಮಗಳು ಸಂಗೀತಾಳ ಮದುವೆ. ಅವರ ಮನೆತನಗಳಲ್ಲಿ ಅಕ್ಷತೆ ಬೀಳುವಾಗ ಗಂಡಿನ ಕಡೆಯವರು ತಂದ ಹೊಸ ಬಲೆಯನ್ನು ವಧೂವರರ ತಲೆಯ ಮೇಲೆ ಹಿಡಿಯುತ್ತಾರೆ. ಮುಂದೆ ಆ ಬಲೆಯಿಂದಲೇ ಅವರ ಸಂಸಾರ. ಬೀಗರು ನಿಲಂಗಾದವರು. ವರನ ಸೋದರಮಾವ ಉದಗೀರದಲ್ಲಿ ಬಲೆ ಅಂಗಡಿ ಇಟ್ಟವನು, ಅವನೇ ಮಿರಿಮಿರಿ ಮಿಂಚುವ ನೈಲಾನ್ ಬಲೆ ತಂದಿದ್ದ. ನಾಲ್ಕು ಜನ ಅದನ್ನು ಎತ್ತಿ ಹಿಡಿದರು. ಕಾಕಾ ಕೈ ಚಾಚಿದ. ಒಳಗೆ ಹೋದದ್ದು ಕಿರುಬೆರಳೊಂದೇ.

ಇಳಿಸಿರಿ ಎಂದ. ಸೋದರಮಾವ ನಗುತ್ತಲೇ, ಸರಕಾರದ ಕಾಯದೆ ಮದುವೆ ಮನೆಗೂ ಬಂತೇ ಎಂದು ಮರಾಠಿಯಲ್ಲಿ ಕೇಳಿದ. ವರನ ತಂದೆ ಟೋಪಿ ತೆಗೆದು ಎದ್ದು ನಿಂತ. ಮದುವೆ ಮುರಿದೇ ಹೋಯಿತೆಂದು ಅಲ್ಲೇ ಕೂತಿದ್ದ ನಾನೂ ಎದ್ದೆ.

"ಕಾಯದಾ ಹಾಳಾಗಿ ಹೋಗ್ಲಿ," ಎಂದ ಕಾಕಾ. "ಈ ಜಾಳಿ ಹಾಕಿದ್ರ ಇವರ ಮಕ್ಕಳಿಗಿ ತಲಾವಿನಾಗ ನೀರಷ್ಟೇ ಉಳೀತಾವ. ನನ್ನ ಮಗಳ ತಲಿಮ್ಯಾಲ ಇದು ಬ್ಯಾಡ."

ಅರಿಶಿನದ ಸೀರೆಯಲ್ಲೇ ಎದ್ದುಹೋದ ಸಂಗೀತಾ ಒಳಗಿನಿಂದ ಅಪ್ಪನ ಹಳೆಯ ಬಲೆ ತಂದಳು. ಹತ್ತು ಕಡೆ ಗಂಟು ಹಾಕಿದ, ಪಾಚಿ ವಾಸನೆಯ ಬಲೆ. ವರ ಯಾರ ಮುಖವನ್ನೂ ನೋಡದೆ ಅದರ ಒಂದು ತುದಿ ಹಿಡಿದುಕೊಂಡ. ಅಕ್ಷತೆ ಬಿದ್ದವು. ಬೀಗರು ಮಾತ್ರ ಉಣ್ಣದೆ ಹೋದರು.

ಸೊಸೈಟಿಯವರಿಗೆ ಬೇಕಾಗಿದ್ದುದು ಇಂಥದೇ ಒಂದು ನೆವ. ಮಗಳ ಮದುವೆಯಲ್ಲೇ ಬೀಗರ ಮಾನ ಕಳೆದವನನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಕಾಕಾನನ್ನು ಬಲೆ ನೋಡುವ ಕೆಲಸದಿಂದ ಬಿಡಿಸಿದರು. ಮುಂದಿನ ಮಳೆಗಾಲಕ್ಕೆ ಉದಗೀರದ ಅದೇ ಅಂಗಡಿಯಿಂದ ಬಲೆ ಬಂದವು. ಎಷ್ಟು ಅಸಹ್ಯ ಜನ ಎಂದರೆ, ಆ ಬಲೆಗಳ ಪೂಜೆಗೆ ಕಾಕಾನನ್ನೂ ಕರೆದಿದ್ದರು. ಆಮೇಲೆ ನನಗೆ ಬರುವ ಮೀನು ಗೇಣಿನಿಂದ ಬೆರಳಿಗೆ ಇಳಿಯಿತು. ಕೊನೆಗೆ ನಾನು ತರಿಸುವುದನ್ನೇ ಬಿಟ್ಟೆ. ಈಗ ಆಂಧ್ರದಿಂದ ಐಸಿನ ಡಬ್ಬಿಯಲ್ಲಿ ಬರುವ ಮೀನನ್ನು ಉದಗೀರದಿಂದ ತರುತ್ತೇನೆ.

ಕಾಕಾ ಕೊನೆಯ ಸಲ ಬಂದಾಗ ತೀರ ಬಡವಾಗಿದ್ದ. ಚಹಾ ಬೇಡವೆಂದ, ಉಣ್ಣುತ್ತೇನೆಂದ. ಮೀನು ಬಡಿಸಿದೆ. ಯಾವ ನೀರಿನದೆಂದು ಕೇಳಿದ, ಹೇಳಿದೆ. ತುಂಡಿನ ಪಕ್ಕದಲ್ಲಿ ಮೂರು ಬೆರಳು ಇಟ್ಟು ನೋಡಿದ.

"ಅಲ್ಲಿ ಯಾರರೆ ಜಾಳ್ಯಾಗ ಕೈ ಹಾಕಿ ನೋಡ್ತಿರಬೇಕು," ಎಂದ. ಮಸಾಲೆಯ ಬಗ್ಗೆ ಒಂದು ಮಾತೂ ಆಡದೆ ಪೂರ್ತಿ ಉಂಡು ಹೋದ. ಆ ಚಳಿಗಾಲ ಅವನು ದಾಟಲಿಲ್ಲ.

ಮೊನ್ನೆ ಮೀನುಗಾರಿಕೆ ಆಫೀಸಿನ ಹೊಸ ಗುಮಾಸ್ತ ಊಟಕ್ಕೆ ಬಂದಿದ್ದ. ಕನ್ನಡದವನು, ಮಾತಿನ ಮಲ್ಲ. ಮುರುಮಿನ ತಲಾವಿನ ವರದಿ ಒಂದು ತಿಂಗಳೂ ತಪ್ಪುವುದಿಲ್ಲ, ಬಲೆಗಳೆಲ್ಲ ನಿಯಮದ ಪ್ರಕಾರವೇ ಇವೆ ಎಂದು ಹೊಗಳಿದ. ಬಲೆ ನೋಡಿದವರು ಎಂಬಲ್ಲಿ ತಿಂಗಳು ತಿಂಗಳು ಒಂದೇ ಸಹಿಯಂತೆ, ಭೀಮಶಾ ಎಂದು.

"ಭಾಳ ನಿಯತ್ತಿನ ಮನಷ್ಯಾ ಕಾಣ್ತಾನ್ರೀ. ಒಮ್ಮಿ ಭೇಟಿ ಆಗಬೇಕಂತೀನಿ."

"ಅಂವಾ ಸತ್ತು ವರ್ಷ ಆಯ್ತ್ರೀ," ಎಂದೆ.

ಅವನ ತುತ್ತು ಬಾಯಿಯ ಹತ್ತಿರ ನಿಂತಿತು. ಹೆಸರು ಬದಲಿಸಬೇಕಾದರೆ ಸೊಸೈಟಿಯವರೇ ಅರ್ಜಿ ಹಾಕಬೇಕು ಎಂದು ಹೇಳಿ, ತುತ್ತು ಬಾಯಿಗಿಟ್ಟು, ಇನ್ನಷ್ಟು ಸಾರು ಕೇಳಿದ.

ಸಾರಿನ ಪಾತ್ರೆ ಅವನ ಮುಂದಿಟ್ಟು ನಾನು ಹೊರಗೆ ಬಂದೆ. ಇಷ್ಟು ವರ್ಷ ಬೈಯುತ್ತ ತೊಳೆದ ಆ ಹೊಸ್ತಿಲ ಮೇಲೇ ನಿಂತು, ಪಕ್ಕಕ್ಕೆ ತಿರುಗಿ, ಥೂ ಎಂದು ಉಗುಳಿದೆ.